ಮೂವತ್ತೊಂದರ ಗಾಂಧಾರ

ನನ್ನನ್ನು ಕೇಳಿದರೆ ಮೂವತ್ತೊಂದು, ಮೇಷ್ಟ್ರೇ. ಷಡ್ಜದಿಂದ ಮೇಲಿನ ಷಡ್ಜದವರೆಗೆ ಸಮಪಾಲು ಮಾಡಲೇಬೇಕು ಅಂತಾದರೆ 31 ಹೆಜ್ಜೆ. ಹನ್ನೆರಡಲ್ಲ, ಇಪ್ಪತ್ತೆರಡಲ್ಲ, ಇಪ್ಪತ್ತನಾಲ್ಕಂತೂ ಅಲ್ಲವೇ ಅಲ್ಲ. ದಾಸವಾಳ ಬಿಡಿಸುತ್ತಾ ಕಾಂಪೌಂಡಿನ ಆಚೆಯಿಂದ ನೀವು ಕೇಳಿದಿರಲ್ಲ, 'ರಾತ್ರಿ ನಿಮ್ಮನೇಲಿ ಅದೇನ್ ಸ್ವಾಮಿ, ಶ್ರುತಿ ಸೇರಿದ ಹಾಗೂ ಇರುತ್ತೆ, ಸೇರದ ಹಾಗೂ ಇರುತ್ತೆ' ಅಂತ, ಅದು ಈ ಲೆಕ್ಕಾಚಾರದ ಸದ್ದೇ. ಕೀಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದೇನೆ. ಯಾವ ಮನೆ ಒತ್ತಿದರೆ ಎಷ್ಟು ಕಂಪನ ಅಂತ ಒಂದು ಸಣ್ಣ ಫೈಲಿನಲ್ಲಿ ಬರೆದುಕೊಟ್ಟರೆ ಸಾಕು, ಸ್ಥಾಯಿಯನ್ನು ಹತ್ತೊಂಬತ್ತು ಮಾಡಿ ಅಂದರೆ ಹತ್ತೊಂಬತ್ತು ಮಾಡುತ್ತದೆ, ಐವತ್ತಮೂರು ಅಂದರೆ ಐವತ್ತಮೂರು. ಹಿಂದಿನವರು ಇಷ್ಟಕ್ಕೆ ಒಂದೊಂದು ವಾದ್ಯವನ್ನೇ ಹೊಸದಾಗಿ ಕಟ್ಟಿಸಬೇಕಾಗಿತ್ತು.

ಮೇಷ್ಟ್ರು ವೀಣೆಯವರು. 'ಸ್ಥಾಯೀನ ಸಮಪಾಲು ಮಾಡೋದು ಯಾಕೆ? ಅದೇನು ದಾಯಾದಿ ಆಸ್ತಿಯೇ?' ಅಂದರು.

ಪ್ರಶ್ನೆ ಸರಿಯಾದದ್ದೇ. ತೊಡಕು ಇರುವುದು ಗಣಿತದಲ್ಲಿ. ಮೇಲಿನ ಷಡ್ಜ ಅಂದರೆ ಕಂಪನ ಎರಡರಷ್ಟು, ಪಂಚಮ ಅಂದರೆ ಒಂದೂವರೆಯಷ್ಟು. ಪಂಚಮದಿಂದ ಅದರ ಪಂಚಮಕ್ಕೆ, ಅಲ್ಲಿಂದ ಮತ್ತೆ ಅದರ ಪಂಚಮಕ್ಕೆ ಅಂತ ಹನ್ನೆರಡು ಸಲ ಹಾರಿದರೆ ಏಳು ಸ್ಥಾಯಿ ಮೇಲೆ ಷಡ್ಜದ ಹತ್ತಿರ ಬಂದು ನಿಲ್ಲುತ್ತೇವೆ, ಆದರೆ ಷಡ್ಜದ ಮೇಲೆ ಅಲ್ಲ. ಸ್ವಲ್ಪ ಮುಂದಕ್ಕೆ ಹೋಗಿರುತ್ತೇವೆ. ಎಷ್ಟು ಸಲ ಹಾರಿದರೂ ಅಷ್ಟೆ, ಮೂರನ್ನು ಎಷ್ಟು ಸಲ ಗುಣಿಸಿದರೂ ಎರಡರ ಗುಣಾಕಾರದ ಮೇಲೆ ಕೂರುವುದಿಲ್ಲ. ಅಲೆಕ್ಸಾಂಡರ್ ಎಲ್ಲಿಸ್ ಅನ್ನುವ ಇಂಗ್ಲಿಷ್ ವಿದ್ವಾಂಸ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನೆಲ್ಲ ಅಳೆಯಲು ಒಂದು ಅಳತೆ ಕೊಟ್ಟ: ಒಂದು ಸ್ಥಾಯಿಗೆ 1200 ಸೆಂಟ್. ಆ ಅಳತೆಯಲ್ಲಿ ಈ ಹೆಚ್ಚುವರಿ ಸುಮಾರು 23 ಸೆಂಟ್, ಅಂದರೆ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ದೂರದ ಕಾಲುಭಾಗಕ್ಕೆ ಹತ್ತಿರ. ಮನೆಗಳು ಒಂದೇ ಕಡೆ ನಿಂತಿರುವ ವಾದ್ಯದಲ್ಲಿ ಈ ಹೆಚ್ಚುವರಿಯನ್ನು ಎಲ್ಲಾದರೂ ಮಡಚಿ ಇಡಲೇಬೇಕು. ಗಿಡ್ಡ ಕಂಬಳಿ ಇದು, ತಲೆಗೆ ಎಳೆದುಕೊಂಡರೆ ಕಾಲಿಗಿಲ್ಲ. ಹಾಗಾಗಿ ಯಾರಿಗೆ ಎಷ್ಟು ಪಾಲು ಇಷ್ಟ ಅಂತ ಕೇಳಿದರೆ, ಅವರು ಯಾವ ಸ್ವರವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ ಅಂತ ಕೇಳಿದ ಹಾಗೆಯೇ. ನಾನು ಬಿಟ್ಟುಕೊಡದ ಸ್ವರ ಅಂತರ ಗಾಂಧಾರ.

ಇದಕ್ಕೆ ಕಾರಣ ನಿಮ್ಮ ಮನೆಯ ತಂಬೂರಿಯೇ, ಮೇಷ್ಟ್ರೇ. ನೀವು ಶ್ರುತಿ ಮಾಡುವುದು ಪಂಚಮ, ಎರಡು ಷಡ್ಜ, ಕೆಳಗಿನ ಮಂದ್ರ ಷಡ್ಜ, ಇಷ್ಟೇ. ಗಾಂಧಾರಕ್ಕೆ ಅಲ್ಲಿ ತಂತಿಯೇ ಇಲ್ಲ. ಆದರೂ ಕುದುರೆಯ ಮೇಲೆ ಆ ಎಳೆದಾರ ಸರಿಯಾಗಿ ಕೂತ ದಿನ ಮಂದ್ರ ತಂತಿಯೊಳಗಿಂದ ಗಾಂಧಾರ ತಾನಾಗಿ ಎದ್ದು ನಿಲ್ಲುತ್ತದೆ. ತಂತಿ ತನ್ನ ಮೂಲ ಕಂಪನದ ಜೊತೆಗೇ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದಲ್ಲೂ ಮಿಡಿಯುತ್ತದೆ. ಆ ಐದನೇ ಮೇಲ್ಸ್ವರವೇ ಈ ಗಾಂಧಾರ. ನಮ್ಮವರು ಇದನ್ನು ಸ್ವಯಂಭೂ ಅಂತ ಕರೆದದ್ದು ಎಷ್ಟು ಸರಿ! ಸೆಂಟಿನ ಲೆಕ್ಕದಲ್ಲಿ ಷಡ್ಜದಿಂದ 386. ಹಾರ್ಮೋನಿಯಂನ ಗಾಂಧಾರ 400. ನಡುವಿನ ವ್ಯತ್ಯಾಸ ಕಾಗದದ ಮೇಲೆ 14 ಸೆಂಟ್ ಮಾತ್ರ, ಕಿವಿಗೆ ಅಷ್ಟಲ್ಲ. ಷಡ್ಜ ಸೆಕೆಂಡಿಗೆ 140 ಕಂಪನ ಅಂತಿಟ್ಟುಕೊಳ್ಳಿ, ಹೆಚ್ಚುಕಡಿಮೆ ಒಂದೂವರೆ ಮನೆ ಶ್ರುತಿ. ಅದರ ಐದನೇ ಮೇಲ್ಸ್ವರ 700. ಹಾರ್ಮೋನಿಯಂ ಗಾಂಧಾರದ ನಾಲ್ಕನೇ ಮೇಲ್ಸ್ವರ 705ಕ್ಕೂ ಸ್ವಲ್ಪ ಹೆಚ್ಚು. ಎರಡೂ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ಐದೂವರೆ ಸಲ ವೋಂವೋಂ ಎಂದು ಅಲೆಯೇಳುತ್ತದೆ. ತಂಬೂರಿಯ ಪಕ್ಕ ಕೂತು ಬೆಳೆದ ಕಿವಿಗೆ ಆ ಐದೂವರೆ ಅಲೆ ತಪ್ಪದೆ ಕೇಳಿಸುತ್ತದೆ.

ಹನ್ನೆರಡರ ಪಾಲಿಗೆ ಅನ್ಯಾಯ ಮಾಡಬಾರದು. ಅದರ ಪಂಚಮ ಬಹಳ ಚೆನ್ನಾಗಿದೆ. ಶುದ್ಧ ಪಂಚಮ 702 ಸೆಂಟ್, ಹನ್ನೆರಡರದ್ದು 700. ಎರಡು ಸೆಕೆಂಡಿಗೆ ಒಂದು ಅಲೆ, ಅಷ್ಟೇ. ಚೀನಾದ ಮಿಂಗ್ ರಾಜವಂಶದ ಝೂ ಝೈಯೂ 1584ರಲ್ಲೇ ಎರಡರ ಹನ್ನೆರಡನೇ ಮೂಲವನ್ನು ಹಲವು ಅಂಕಿಗಳವರೆಗೆ ಗಣಿಸಿ ತೆಗೆದು ಈ ಪಾಲಿನ ಲೆಕ್ಕ ಕೊಟ್ಟಿದ್ದ. ಪಂಚಮವನ್ನು ಉಳಿಸಿ ಗಾಂಧಾರವನ್ನು ಬಲಿಕೊಟ್ಟ ಪಾಲು ಅದು. ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂನಲ್ಲೂ ನಾವು ಕೇಳಿದ್ದು ಅದೇ ಗಾಂಧಾರ. ಆ ಪೆಟ್ಟಿಗೆಯ ಬಗ್ಗೆ ಎಷ್ಟು ಜಗಳ ಆಯಿತು ಅನ್ನುವುದು ನಿಮಗೂ ಗೊತ್ತು: 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, ಬಾಗಿಲು ಮತ್ತೆ ತುಸು ತೆರೆದದ್ದು 1971ರಲ್ಲಿ. ಅದಕ್ಕೂ ಮುಂಚೆ ಸಾಂಗ್ಲಿಯ ಕೆ. ಬಿ. ದೇವಲ್ ಮತ್ತು ಐ.ಸಿ.ಎಸ್. ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಸೇರಿಕೊಂಡು 22 ಶ್ರುತಿಯ ಹಾರ್ಮೋನಿಯಂ ಮಾಡಿಸಿದ್ದರು. ಅವರಿಗೆ ಹಾಡಿ ತೋರಿಸಿ ನೆರವಾದವರು ಅಬ್ದುಲ್ ಕರೀಂ ಖಾನರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು. ಪೆಟ್ಟಿಗೆಯನ್ನು ದೂರ ತಳ್ಳುವ ಬದಲು ಸರಿಮಾಡಲು ಹೊರಟ ಆ ಮೂವರ ಮೇಲೆ ನನಗೆ ಗೌರವ ಹೆಚ್ಚು.

'ಸರಿ, ಹನ್ನೆರಡು ಸಾಲದಾದ್ರೆ ಇಮ್ಮಡಿ ಮಾಡಿ. ಇಪ್ಪತ್ನಾಲ್ಕು' ಅಂದರು ಮೇಷ್ಟ್ರು.

ಎಲ್ಲರೂ ಮೊದಲು ಹೇಳುವುದು ಇದನ್ನೇ. ಪಶ್ಚಿಮದಲ್ಲೂ ಹೊಸ ಸ್ವರ ಬೇಕು ಅಂದ ಹಲವರು ಮಾಡಿದ್ದು ಇದೇ. ಜೆಕ್ ಸಂಗೀತಗಾರ ಅಲೋಯಿಸ್ ಹಾಬಾ ಕಾಲು ಸ್ವರಾಂತರದ ಪಿಯಾನೋ ಕಟ್ಟಿಸಿಕೊಂಡ, ಅಮೆರಿಕದ ಚಾರ್ಲ್ಸ್ ಐವ್ಸ್ ಶ್ರುತಿಯಲ್ಲಿ ಕಾಲು ಸ್ವರದಷ್ಟು ವ್ಯತ್ಯಾಸವಿರುವ ಎರಡು ಪಿಯಾನೋಗಳಿಗೆ ಮೂರು ಕೃತಿ ಬರೆದ. ಆದರೆ ಲೆಕ್ಕ ನೋಡಿ: 24 ಪಾಲಿನಲ್ಲಿ ಹೆಜ್ಜೆಗೆ 50 ಸೆಂಟ್. ಗಾಂಧಾರದ ಆಸುಪಾಸಿನಲ್ಲಿ 350 ಇದೆ, 400 ಇದೆ. 386ಕ್ಕೆ ಹತ್ತಿರದ್ದು ಹಳೆಯ ಆ 400ಯೇ! ಮನೆಗಳು ಎರಡರಷ್ಟಾದವು, ನನ್ನ ಗಾಂಧಾರ ಕೂದಲೆಳೆಯಷ್ಟೂ ಸರಿಯಲಿಲ್ಲ. ಪಾಲು ಹೆಚ್ಚಾದಷ್ಟೂ ಶ್ರುತಿ ಶುದ್ಧವಾಗುತ್ತದೆ ಅನ್ನುವುದು ಸುಳ್ಳು. ಎಷ್ಟು ಅನ್ನುವುದಕ್ಕಿಂತ ಹೆಜ್ಜೆ ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ಆ 350 ಮಾತ್ರ ಬೇರೆಯದೇ ಲೋಕ. ಸಾಧಾರಣ ಗಾಂಧಾರವೂ ಅಲ್ಲದ, ಅಂತರ ಗಾಂಧಾರವೂ ಅಲ್ಲದ ಆ ನಡುವಣ ಗಾಂಧಾರ ಅರಬರ ರಾಸ್ತ್ ಮಕಾಮಿನ ಜೀವ. ಅದನ್ನೂ ಅವರು ಸರಿಯಾಗಿ 350ರ ಮೇಲೇ ಹಾಡುತ್ತಾರೆ ಅಂತಲ್ಲ, ಊರಿಂದೂರಿಗೆ ಏರಿಳಿತ ಉಂಟು. 1932ರ ಕೈರೋ ಸಮ್ಮೇಳನದಲ್ಲಿ 24 ಸಮಪಾಲು ಸರಿಯೋ ತಪ್ಪೋ ಎಂದು ಅರಬ್, ತುರ್ಕಿ, ಯುರೋಪಿನ ವಿದ್ವಾಂಸರು ವಾದ ಮಾಡಿ ಒಮ್ಮತಕ್ಕೆ ಬರಲಾಗದೆ ಎದ್ದರು.

ಹತ್ತೊಂಬತ್ತರ ಮೇಲೆ ನನಗೆ ಬೇರೆಯದೇ ಮಮತೆ. ಹೆಜ್ಜೆಗೆ 63 ಸೆಂಟ್. ಅಂತರ ಗಾಂಧಾರ 379, ಏಳು ಸೆಂಟ್ ಇಳಿದದ್ದು. ಸೆಕೆಂಡಿಗೆ ಮೂರು ಅಲೆ. ಪಂಚಮವೂ ಏಳು ಸೆಂಟ್ ಇಳಿದದ್ದು. ಹೀಗೆ ಹೇಳಿದರೆ ಯಾರೂ ಇಷ್ಟಪಡಲಿಕ್ಕಿಲ್ಲ. ಆದರೆ ಇದರ ಸಾಧಾರಣ ಗಾಂಧಾರ ಕೇಳಬೇಕು: ಶುದ್ಧವಾದದ್ದು 315.6, ಇದರಲ್ಲಿ ಸಿಗುವುದು 315.8. ಇಷ್ಟು ಕಡಿಮೆ ಮನೆಗಳಲ್ಲಿ ಇಷ್ಟು ನಿಖರವಾದ ಸಾಧಾರಣ ಗಾಂಧಾರ ಬೇರೆಲ್ಲೂ ಇಲ್ಲ. ಹನ್ನೆರಡರಲ್ಲಿ ಅದು 300ಕ್ಕೆ ಇಳಿದು ಮಂಕಾಗಿರುತ್ತದೆ. ಹತ್ತೊಂಬತ್ತರಲ್ಲಿ ವಿಷಾದದ ಮಟ್ಟು ನುಡಿಸಿದರೆ ಆ ವಿಷಾದದೊಳಗೂ ಒಂದು ನಿರಾಳ ಇರುತ್ತದೆ. ಫ್ರಾನ್ಸಿನ ಗಿಯೋಮ್ ಕಾಸ್ತಲೆ ಅನ್ನುವವನು ಹದಿನಾರನೇ ಶತಮಾನದಲ್ಲೇ ಈ ಹತ್ತೊಂಬತ್ತು ಪಾಲಿಗೆಂದು ಒಂದು ಭಕ್ತಿಗೀತೆ ಕಟ್ಟಿದ್ದ. ಹೊಸದಾಗಿ ಕಿವಿ ತೆರೆಯುವವರಿಗೆ ನಾನು ಮೊದಲು ಕೇಳಿಸುವುದೂ ಹತ್ತೊಂಬತ್ತನ್ನೇ. ಪರಿಚಯದ ಮುಖವೇ ಇರುತ್ತದೆ, ಬೆಳಕು ಮಾತ್ರ ಬೇರೆ ಕಡೆಯಿಂದ ಬಿದ್ದಿರುತ್ತದೆ.

ಇಲ್ಲಿ ಮೇಷ್ಟ್ರು ಹೂವಿನ ಬುಟ್ಟಿಯನ್ನು ಗೋಡೆಯ ಮೇಲಿಟ್ಟರು. 'ಅದೆಲ್ಲ ಇರ್ಲಿ. ನಮ್ಮ ಭರತ ಮುನಿ ಇಪ್ಪತ್ತೆರಡು ಅಂತ ಹೇಳಿಟ್ಟಿದ್ದಾನಲ್ಲ, ಅದನ್ನ ಬಿಟ್ಟು ಮೂವತ್ತೊಂದು ಯಾಕೆ ಬೇಕು ನಿಮಗೆ?'

ಈ ಮಾತಿಗೆ ನಿಧಾನವಾಗಿ ಉತ್ತರ ಕೊಡಬೇಕು. ಭರತನ ಶ್ರುತಿ ಲೆಕ್ಕ ನಿಮಗೆ ಬಾಯಿಪಾಠ: ಷಡ್ಜಕ್ಕೆ ನಾಲ್ಕು, ರಿಷಭಕ್ಕೆ ಮೂರು, ಗಾಂಧಾರಕ್ಕೆ ಎರಡು, ಮಧ್ಯಮಕ್ಕೆ ನಾಲ್ಕು, ಪಂಚಮಕ್ಕೆ ನಾಲ್ಕು, ಧೈವತಕ್ಕೆ ಮೂರು, ನಿಷಾದಕ್ಕೆ ಎರಡು. ಒಂಬತ್ತು ಅಥವಾ ಹದಿಮೂರು ಶ್ರುತಿ ಅಂತರವಿರುವ ಸ್ವರಗಳು ಸಂವಾದಿ. ಈಗ ಸ್ಥಾಯಿಯನ್ನು 22 ಸಮಪಾಲು ಮಾಡಿ. ಹದಿಮೂರನೇ ಹೆಜ್ಜೆ 709 ಸೆಂಟ್, ಪಂಚಮದ ಹತ್ತಿರ. ಒಂಬತ್ತನೆಯದು 491, ಶುದ್ಧ ಮಧ್ಯಮದ ಹತ್ತಿರ. ಏಳನೆಯದು 382, ಅಂತರ ಗಾಂಧಾರದ ಹತ್ತಿರ. ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದಲ್ಲವೇ? ಇಂಗ್ಲೆಂಡಿನ ಬೋಸಾಂಕೆ ಅನ್ನುವವರಿಗೂ ಹಾಗೇ ಅನ್ನಿಸಿತು. 1877ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಹಿಂದೂಗಳ ಸ್ಥಾಯಿವಿಭಾಗದ ಬಗ್ಗೆ ಲೇಖನವನ್ನೇ ಬರೆದುಕೊಟ್ಟರು, ಇಪ್ಪತ್ತೆರಡು ಶ್ರುತಿಗಳನ್ನು ಇಪ್ಪತ್ತೆರಡು ಸಮಪಾಲುಗಳೆಂದೇ ಹಿಡಿದು.

ಆದರೆ ರಿಷಭಕ್ಕೆ ಬನ್ನಿ. ಚತುಶ್ಶ್ರುತಿ ರಿಷಭ ಪಂಚಮದ ಪಂಚಮ, 204 ಸೆಂಟ್. ಸಮಪಾಲಿನ ನಾಲ್ಕು ಹೆಜ್ಜೆ 218. ತ್ರಿಶ್ರುತಿ ರಿಷಭವನ್ನು ವಿದ್ವಾಂಸರು ಸಾಮಾನ್ಯವಾಗಿ 182 ಅಂತ ತೆಗೆದುಕೊಳ್ಳುತ್ತಾರೆ. ಸಮಪಾಲಿನ ಮೂರು ಹೆಜ್ಜೆ 164. ಒಂದು ಮೇಲಕ್ಕೆ ಹಾರಿತು, ಇನ್ನೊಂದು ಕೆಳಕ್ಕೆ ಕುಸಿಯಿತು. ಭರತ ಎರಡು ವೀಣೆಗಳನ್ನಿಟ್ಟುಕೊಂಡು, ಒಂದನ್ನು ಹಾಗೇ ಬಿಟ್ಟು ಇನ್ನೊಂದನ್ನು ಇಳಿಸುತ್ತಾ ಹೋಗಿ ಶ್ರುತಿಗಳನ್ನು ತೋರಿಸಿದನಲ್ಲ, ಆ ಪ್ರಯೋಗದ ಆಧಾರ ಸಂವಾದ. ಕಿವಿಗೆ ಸ್ವರ ಸ್ವರಕ್ಕೆ ಸೇರಿದ್ದು ಗೊತ್ತಾಗುವ ಆ ಗಳಿಗೆ. ಅಡಿಕೋಲು ಹಿಡಿದು ಗೆರೆ ಎಳೆದ ಕೆಲಸ ಅಲ್ಲ ಅದು. ಅವನ ಇಪ್ಪತ್ತೆರಡನ್ನು ಸಮ ಮಾಡಿದವರು ಅವನ ಎಣಿಕೆ ಉಳಿಸಿಕೊಂಡು ಕಿವಿಯನ್ನು ಕೈಬಿಟ್ಟರು. ಇದೇ ಜಾತಿಯ ಇನ್ನೊಂದು ಗೊಂದಲವನ್ನೂ ಈಗಲೇ ಹೇಳಿಬಿಡುತ್ತೇನೆ: ಸ್ಥಾಯಿಯನ್ನು 72 ಸಮಪಾಲು ಮಾಡುವವರೂ ಇದ್ದಾರೆ, ಅಮೆರಿಕದ ಬಾಸ್ಟನ್ನಿನಲ್ಲಿ ಅವರದೇ ಒಂದು ಪಂಥವಿದೆ. ಅದಕ್ಕೂ ವೆಂಕಟಮಖಿಯ 72 ಮೇಳಕ್ಕೂ ಸಂಬಂಧವೇ ಇಲ್ಲ. ಮೇಳದ 72 ಬಂದದ್ದು ಆರು ಪೂರ್ವಾಂಗ, ಆರು ಉತ್ತರಾಂಗ, ಎರಡು ಮಧ್ಯಮಗಳ ಗುಣಾಕಾರದಿಂದ. ಅಂಕಿ ಕೂಡಿತು ಅಂತ ನೆಂಟಸ್ತನ ಹೇಳಬಾರದು.

ಹಾಗಂತ 22 ಸಮಪಾಲು ಕೆಟ್ಟದ್ದಲ್ಲ. ಭರತನ ಹೆಸರು ತೆಗೆದಿಟ್ಟು, ಅದನ್ನು ಅದರದೇ ಊರಿನಲ್ಲಿ ಕೇಳಿದರೆ ಎಂಥ ಹುರುಪಿನ ಪಾಲು ಅದು! ಅದರ ಪಂಚಮ ಏಳು ಸೆಂಟ್ ಹೆಚ್ಚು, ಹತ್ತೊಂಬತ್ತರದ್ದು ಏಳು ಕಡಿಮೆ. ಅಲೆಗಳ ವೇಗ ಎರಡರಲ್ಲೂ ಒಂದೇ, ಆದರೆ ಕಿವಿಗೆ ಒಂದು ಬಿಗಿದ ತಂತಿ, ಇನ್ನೊಂದು ಸಡಿಲ ಬಿಟ್ಟ ತಂತಿ. ಪಾಲ್ ಎರ್ಲಿಕ್ ಅನ್ನುವವನು 1998ರಲ್ಲಿ ಈ ಇಪ್ಪತ್ತೆರಡರ ಮೇಲೆ ದೊಡ್ಡ ಲೇಖನ ಬರೆದು, ಏಳರ ಬದಲು ಹತ್ತು ಸ್ವರದ ಮೇಳಗಳನ್ನು ಅದರಿಂದ ಹೊರತೆಗೆದು ತೋರಿಸಿದ. ನನ್ನ ಪಟ್ಟಿಯಲ್ಲಿ ಅದಕ್ಕೆ ಮೂರನೇ ಸ್ಥಾನ.

ಈಗ ಮೂವತ್ತೊಂದು. ವಿಜಯನಗರದಲ್ಲಿ ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದು ವೀಣೆಯ ಮೆಟ್ಟಿಲು ಎಲ್ಲೆಲ್ಲಿ ಕೂರಬೇಕು, ಯಾವುದು ಸ್ವಯಂಭೂ ಸ್ವರ ಅಂತ ವಿಚಾರ ಮಾಡಿದ್ದು 1550ರಲ್ಲಿ. ಐದೇ ವರ್ಷದ ನಂತರ, 1555ರಲ್ಲಿ, ಇಟಲಿಯಲ್ಲಿ ನಿಕೋಲಾ ವಿಚೆಂತೀನೋ ತನ್ನ ಗ್ರಂಥ ಅಚ್ಚುಹಾಕಿಸಿದ. ಅವನ ಆರ್ಕಿಚೆಂಬಲೋ ವಾದ್ಯದಲ್ಲಿ ಎರಡು ಸಾಲು ಮನೆಗಳು, ಸ್ಥಾಯಿಗೆ 36. ಅದರಲ್ಲಿ 31 ಹೆಚ್ಚುಕಡಿಮೆ ಸಮಪಾಲಿನಲ್ಲಿ ಕೂತಿದ್ದವು. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯುವ ದಾರಿಯಿರಲಿಲ್ಲ. ಆದರೂ ಒಂದೇ ಕಾಲದಲ್ಲಿ ಒಂದೇ ತರಹದ ಸಂಕಟ: ಕಿವಿ ಕೇಳುವ ಸ್ವರಕ್ಕೆ ವಾದ್ಯದ ಮೇಲೆ ಜಾಗ ಎಲ್ಲಿ? ನನಗೆ ಇದು ಬಹಳ ಆಪ್ತವಾದ ಸಂಗತಿ.

ಆಮೇಲೆ ಬಂದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. ಶನಿಗ್ರಹದ ಬಳೆಯನ್ನು ಬಳೆ ಅಂತ ಗುರುತಿಸಿದವನು, ಲೋಲಕದ ಗಡಿಯಾರ ಕಟ್ಟಿದವನು. ಆಗ ಯುರೋಪಿನ ಆರ್ಗನ್‌ಗಳಲ್ಲಿ ಪಂಚಮವನ್ನು ತುಸು ಇಳಿಸಿ ಗಾಂಧಾರವನ್ನು ಶುದ್ಧ ಮಾಡುವ ಪದ್ಧತಿಯಿತ್ತು. ಅದು ಚಕ್ರದ ಹಾಗೆ ಸುತ್ತಿ ಬಂದು ಸೇರುತ್ತಿರಲಿಲ್ಲ, ಒಂದು ಕಡೆ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಸ್ಥಾಯಿಯನ್ನು 31 ಮಾಡಿದರೆ ಅದೇ ಶ್ರುತಿ ಬಹುಪಾಲು ಕೆಡದೆ ಸುತ್ತು ಪೂರ್ತಿಯಾಗುತ್ತದೆ ಅಂತ ಹೈಗೆನ್ಸ್ ಲಾಗರಿತಮ್ ಹಾಕಿ ತೋರಿಸಿ, 1691ರಲ್ಲಿ ಪ್ರಕಟಿಸಿದ. ಅದನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಓದಿ ಮನಸೋತವನು ಇನ್ನೊಬ್ಬ ಡಚ್ ಭೌತವಿಜ್ಞಾನಿ, ಆಡ್ರಿಯಾನ್ ಫೋಕರ್. ಲೊರೆಂಟ್ಸ್‌ನ ಶಿಷ್ಯ, ವಿಮಾನ ಕಟ್ಟಿದ ಫೋಕರ್‌ನ ದಾಯಾದಿ. ಓದಿ ಸುಮ್ಮನಾಗಲಿಲ್ಲ, ಹಾರ್ಲೆಮ್ ಊರಿನ ಟೈಲರ್ಸ್ ಮ್ಯೂಸಿಯಂನಲ್ಲಿ ಸ್ಥಾಯಿಗೆ 31 ಸ್ವರವಿರುವ ನಿಜವಾದ ಕೊಳವೆ ಆರ್ಗನ್ ಒಂದನ್ನು 1950ರ ಸುಮಾರಿಗೆ ನಿಲ್ಲಿಸಿದ. ಈಗ ಅದು ಆಮ್ಸ್ಟರ್‌ಡ್ಯಾಮಿನ ಸಂಗೀತಭವನವೊಂದರಲ್ಲಿದೆ, ಅದರ ಮೇಲೆ ಕಛೇರಿಗಳು ನಡೆಯುತ್ತವೆ. ಒಂದು ಕಾಗದದ ಲೆಕ್ಕ 250 ವರ್ಷಕ್ಕೂ ಹೆಚ್ಚು ಕಾದು ಕೊನೆಗೆ ಉಸಿರಾಡಿತು.

ಅದರ ಗಾಂಧಾರ 387.1 ಸೆಂಟ್, ತಂಬೂರಿಯ ಗಾಂಧಾರಕ್ಕಿಂತ ಮುಕ್ಕಾಲು ಸೆಂಟ್ ಮೇಲೆ. ಸೆಕೆಂಡಿಗೆ ಐದೂವರೆ ಇದ್ದ ಅಲೆ ಈಗ ಮೂರು ಸೆಕೆಂಡಿಗೊಂದು. ಮೊದಲ ಸಲ ತಂಬೂರಿಯ ಜೊತೆ ಇದನ್ನು ಒತ್ತಿ ಹಿಡಿದಾಗ ನನಗೆ ಗಂಟಲು ಕಟ್ಟಿ ಬಂತು, ಮೇಷ್ಟ್ರೇ. ಕೀಬೋರ್ಡಿನ ಮೇಲೂ ಈ ಸ್ವರ ಸಿಗಬಹುದಿತ್ತು, ಇಷ್ಟು ವರ್ಷ ಅದನ್ನು ಕೇಳದೆ ಕಳೆದೆವಲ್ಲ ಅಂತ.

ಮೇಷ್ಟ್ರು ಸುಮ್ಮನಿದ್ದು ಒಂದೇ ಪ್ರಶ್ನೆ ಹಾಕಿದರು. 'ಪಂಚಮದಿಂದ ಪಂಚಮಕ್ಕೆ ನಾಲ್ಕು ಸಲ ಹೋಗಿ, ಎರಡು ಸ್ಥಾಯಿ ಇಳೀರಿ. ಎಲ್ಲಿ ಬರ್ತೀರಿ?'

ಅವರ ಪೆಟ್ಟು ಗುರಿಗೇ ಬಿತ್ತು. ಶುದ್ಧ ಪಂಚಮಗಳಲ್ಲಿ ಹೀಗೆ ಹೋದರೆ ಸಿಗುವ ಗಾಂಧಾರ 408, ಸ್ವಯಂಭೂ ಗಾಂಧಾರ 386. ಎರಡರ ನಡುವಿನ 22 ಸೆಂಟೇ ಪ್ರಮಾಣ ಶ್ರುತಿ, ಷಡ್ಜಗ್ರಾಮದ ಪಂಚಮವನ್ನು ಮಧ್ಯಮಗ್ರಾಮಕ್ಕೆ ತರಲು ಭರತ ಇಳಿಸಿದ ಆ ಒಂದು ಶ್ರುತಿ, ಎಂದು ಬಹಳ ವಿದ್ವಾಂಸರ ಮತ. ಮೂವತ್ತೊಂದರಲ್ಲಿ ಪಂಚಮ ಹದಿನೆಂಟನೇ ಹೆಜ್ಜೆ. ನಾಲ್ಕು ಸಲ ಹೋದರೆ 72, ಎರಡು ಸ್ಥಾಯಿಯ 62 ಕಳೆದರೆ 10. ಗಾಂಧಾರವೂ ಹತ್ತನೇ ಹೆಜ್ಜೆಯೇ. ಅಂದರೆ ನಾನು ಮೆಚ್ಚಿದ ಪಾಲಿನಲ್ಲಿ ಪ್ರಮಾಣ ಶ್ರುತಿಯೇ ಅಳಿಸಿಹೋಗುತ್ತದೆ. ಜೊತೆಗೆ ಅದರ ಪಂಚಮ ಐದು ಸೆಂಟ್ ಕಡಿಮೆ, ತಂಬೂರಿಯೊಡನೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಅಲೆ. ಗಾಂಧಾರಕ್ಕಾಗಿ ಕೊಟ್ಟ ಬೆಲೆ ಇದು, ಸಣ್ಣದೇನಲ್ಲ.

ಪ್ರಮಾಣ ಶ್ರುತಿಯನ್ನೂ ಉಳಿಸಿ, ಪಂಚಮವನ್ನೂ ಗಾಂಧಾರವನ್ನೂ ಉಳಿಸುವ ಪಾಲು ಒಂದಿದೆ: ಐವತ್ತಮೂರು. ಅದರ ಪಂಚಮ ಎಷ್ಟು ನಿಖರ ಅಂದರೆ ನಮ್ಮ 140ರ ಷಡ್ಜದಲ್ಲಿ ಒಂದು ಅಲೆ ಎದ್ದು ಬೀಳಲು ಸುಮಾರು ಒಂದು ನಿಮಿಷ ಬೇಕು. ಅಷ್ಟರಲ್ಲಿ ತಂತಿಯ ನಾದವೇ ಆರಿರುತ್ತದೆ. ಗಾಂಧಾರ 385, ಒಂದೂವರೆ ಸೆಂಟ್ ಕೂಡ ಕಡಿಮೆಯಿಲ್ಲ. ಅದರ ಒಂದು ಹೆಜ್ಜೆ 22.6 ಸೆಂಟ್, ಪ್ರಮಾಣ ಶ್ರುತಿಯ ಅಳತೆಗೇ ಕತ್ತರಿಸಿದಂತೆ. 53 ಪಂಚಮಗಳು 31 ಸ್ಥಾಯಿಗೆ ಬಹುಪಾಲು ಸರಿಹೊಂದುತ್ತವೆ ಅಂತ ಚೀನಾದ ಜಿಂಗ್ ಫಾಂಗ್ ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲೇ ಕಂಡಿದ್ದ. ತುರ್ಕಿಯ ಸಂಗೀತಶಾಸ್ತ್ರ ಇವತ್ತಿಗೂ ಪೂರ್ಣ ಸ್ವರಾಂತರವನ್ನು ಒಂಬತ್ತು ಕೋಮಾ ಅಂತ ಎಣಿಸುವುದು ಈ ಐವತ್ತಮೂರರ ಲೆಕ್ಕದಲ್ಲೇ. ಆಗ ಹೇಳಿದ ಬೋಸಾಂಕೆ 53ರ ಹಾರ್ಮೋನಿಯಂ ಅನ್ನೂ ಕಟ್ಟಿಸಿದ್ದರು, ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ.

'ಮತ್ತೆ? ಅದನ್ನೇ ಇಟ್ಕೊಳ್ಳಿ' ಅಂದರು ಮೇಷ್ಟ್ರು.

ಇಟ್ಟುಕೊಳ್ಳಬಹುದು, ನಾನು ಒಂದೇ ಷಡ್ಜಕ್ಕೆ ನಿಷ್ಠನಾಗಿ ಕೂತಿದ್ದರೆ. ಆದರೆ ಸಮಪಾಲು ಬೇಕಾಗುವುದೇ ಆಧಾರ ಷಡ್ಜ ಜಾಗ ಬದಲಿಸುವ ಸಂಗೀತಕ್ಕೆ, ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೊಳಗಿಸುತ್ತಾ ಒಂದು ಗುಚ್ಛದಿಂದ ಇನ್ನೊಂದಕ್ಕೆ ನಡೆಯುವ ಸಂಗೀತಕ್ಕೆ. ಅಲ್ಲಿ ಐವತ್ತಮೂರು ಕೈಕೊಡುತ್ತದೆ. ಯುರೋಪಿನ ಹಾಡುಗಳಲ್ಲಿ ದಿನನಿತ್ಯ ಬರುವ ಒಂದು ಸುತ್ತು ಇದೆ: ಷಡ್ಜದ ಗುಚ್ಛದಿಂದ ಧೈವತಕ್ಕೆ, ಅಲ್ಲಿಂದ ರಿಷಭಕ್ಕೆ, ಪಂಚಮಕ್ಕೆ, ಮರಳಿ ಷಡ್ಜಕ್ಕೆ. ಪ್ರತಿ ಗುಚ್ಛವನ್ನೂ ಶುದ್ಧವಾಗಿಟ್ಟು, ಎರಡಕ್ಕೂ ಸೇರಿದ ಸ್ವರವನ್ನು ಅಲುಗಿಸದೆ ನಡೆದರೆ, ಐವತ್ತಮೂರರಲ್ಲಿ ಹೊರಟ ಷಡ್ಜಕ್ಕೆ ಮರಳುವುದಿಲ್ಲ, ಒಂದು ಹೆಜ್ಜೆ ಕೆಳಗೆ ಬಂದಿರುತ್ತೇವೆ. ನಾಲ್ಕು ಸುತ್ತು ಹಾಡಿದರೆ ಶ್ರುತಿ ಮುಕ್ಕಾಲು ಮನೆಗೂ ಹೆಚ್ಚು ಇಳಿದಿರುತ್ತದೆ. ಮೂವತ್ತೊಂದರಲ್ಲಿ ಎಷ್ಟು ಸುತ್ತಿದರೂ ಹೊರಟಲ್ಲಿಗೇ ಬರುತ್ತೇವೆ. ಪ್ರಮಾಣ ಶ್ರುತಿಯನ್ನು ಅಳಿಸಿದ್ದಕ್ಕೆ ಅದು ಕೊಡುವ ಪ್ರತಿಫಲ ಈ ಮರಳುವಿಕೆ. ಅದೂ ಅಲ್ಲದೆ 31 ಮನೆಗಳನ್ನು ಕೈ ಕಲಿಯುತ್ತದೆ, ನನ್ನ ಕೈ ಕಲಿತಿದೆ. ಐವತ್ತಮೂರು ಅಳೆಯುವುದಕ್ಕೆ ಎಷ್ಟು ಚೆನ್ನವೋ ಬೆರಳಿಗೆ ಅಷ್ಟೇ ಕಷ್ಟ.

ಇನ್ನು ಪಂಚಮವೇ ಇಲ್ಲದ ಪಾಲುಗಳೂ ಇವೆ. ಷಿಕಾಗೋದ ಈಸ್ಲಿ ಬ್ಲ್ಯಾಕ್‌ವುಡ್ 1980ರಲ್ಲಿ ಹದಿಮೂರರಿಂದ ಇಪ್ಪತ್ತನಾಲ್ಕರವರೆಗೆ ಒಂದೊಂದು ಪಾಲಿಗೆ ಒಂದೊಂದರಂತೆ ಹನ್ನೆರಡು ಕೃತಿಗಳನ್ನು ಸಿಂಥಸೈಜರಿಗೆ ಬರೆದ. ಹದಿಮೂರರಲ್ಲಿ ಪಂಚಮಕ್ಕೆ ಹತ್ತಿರದ ಸ್ವರ 738 ಸೆಂಟ್, ತಂಬೂರಿ ಹಚ್ಚಿಕೊಂಡು ಅದನ್ನು ಕೇಳಲು ನನ್ನಿಂದಾಗದು. ಆದರೆ ಕಬ್ಬಿಣ, ಕಂಚು, ಮರದ ಪಟ್ಟಿಗಳ ವಾದ್ಯಗಳಿಗೆ ನಮ್ಮ ತಂತಿಯ ನ್ಯಾಯ ಅನ್ವಯಿಸುವುದಿಲ್ಲ. ಅವುಗಳ ಮೇಲ್ಸ್ವರಗಳು ಎರಡು ಮೂರು ನಾಲ್ಕರ ಲೆಕ್ಕದಲ್ಲಿ ಹುಟ್ಟುವುದೇ ಇಲ್ಲ. ಎಲ್ಲಿಸ್ 1885ರಲ್ಲಿ ಲಂಡನ್ನಿಗೆ ಬಂದ ಸಯಾಮಿನ ಅರಮನೆ ವಾದ್ಯಗಳನ್ನು ಅಳೆದು ಸ್ಥಾಯಿ ಹೆಚ್ಚುಕಡಿಮೆ ಏಳು ಸಮಪಾಲಾಗಿದೆ ಅಂದ. ಜಾವಾದ ಸ್ಲೆಂದ್ರೊ ಐದು ಸಮಪಾಲಿನ ಹತ್ತಿರ ಸುಳಿಯುತ್ತದೆ, ಒಂದೊಂದು ಗಾಮೆಲಾನ್ ಮೇಳಕ್ಕೂ ಅದರದೇ ಶ್ರುತಿ. ಕಂಚಿನ ಮೇಲೆ ಅದು ತುಂಬು ಚೆಲುವು, ಅದೇ ಶ್ರುತಿಯನ್ನು ತಂತಿಗೆ ತಂದರೆ ಚೆಲುವು ಹೊರಟುಹೋಗುತ್ತದೆ. ಆದ್ದರಿಂದ ನನ್ನ ಮೂವತ್ತೊಂದು ತಂತಿ, ಕೊಳವೆ, ಗಂಟಲುಗಳ ಮೂವತ್ತೊಂದು.

'ಗಂಟಲಿಗೆ ಯಾಕ್ ಸ್ವಾಮಿ ಪಾಲು?' ಮೇಷ್ಟ್ರ ದನಿ ಏರಿತು. 'ಮೇಣ ಕರಗಿಸಿ ಮೇಳ ಕಟ್ಟುವಾಗ ಇಪ್ಪತ್ನಾಲ್ಕು ಮೆಟ್ಟಿಲನ್ನೂ ಕಿವಿಯಿಂದ್ಲೇ ಕೂರಿಸ್ತೀವಿ. ಅದಾದ ಮೇಲೂ ತಂತಿ ಎಳೀತೀವಿ. ತೋಡಿಯ ಗಾಂಧಾರ ಒಂದು ಕಡೆ ನಿಂತಿದ್ದು ಎಂದಾದ್ರೂ ಕೇಳಿದೀರಾ? ಕದ್ರಿ ಗೋಪಾಲನಾಥರು ಹನ್ನೆರಡಕ್ಕೇ ಕೊರೆದ ಸ್ಯಾಕ್ಸೋಫೋನಿನಲ್ಲಿ ಗಮಕ ನುಡಿಸಿಲ್ವೇ?'

ನುಡಿಸಿದರು, ನಾನು ಕೇಳಿದ್ದೇನೆ, ತಲೆಬಾಗುತ್ತೇನೆ. ತುಟಿಯ ಬಿಗಿ, ಬೆರಳ ಎಳೆತ ಇರುವಲ್ಲಿ ಸ್ವರ ಒಂದು ಬಿಂದುವಲ್ಲ, ಒಂದು ಹಾದಿ. ಹಾದಿಯನ್ನು ಪಾಲು ಮಾಡಿ ಪ್ರಯೋಜನವಿಲ್ಲ. ರಾಗಕ್ಕೆ 31 ಬೇಡ, 53 ಬೇಡ, ಯಾವ ಪಾಲೂ ಬೇಡ, ತಂಬೂರಿ ಸಾಕು. ಕಲ್ಯಾಣಿಯನ್ನು ಕೀಬೋರ್ಡಿನ ಮೂವತ್ತೊಂದರಲ್ಲಿ ನುಡಿಸಿ ಇದೇ ಶುದ್ಧ ಕಲ್ಯಾಣಿ ಅಂತ ನಾನು ಎಂದೂ ಹೇಳಲಾರೆ. ಆದರೆ ಮನೆಗಳು ಅಲುಗದ ವಾದ್ಯವೂ ಲೋಕದಲ್ಲಿದೆ, ಸ್ವರಗಳ ಗುಚ್ಛ ಕಟ್ಟುವ ಆಸೆಯೂ ಇದೆ. ಆ ಆಸೆಗೂ ಒಳ್ಳೆಯ ಗಾಂಧಾರ ಸಿಗಬೇಕಲ್ಲವೇ?

ಇನ್ನೂ ಒಂದು ಕಾರಣ ಉಳಿದಿದೆ. ನಿಮ್ಮ ಮಂದ್ರ ತಂತಿಯಲ್ಲಿ ಐದನೆಯದರ ಹಾಗೆ ಏಳನೇ ಮೇಲ್ಸ್ವರವೂ ಇದೆ. 969 ಸೆಂಟ್. ಕೈಶಿಕಿ ನಿಷಾದ 996 ಅಂತಲೋ 1018 ಅಂತಲೋ ಹೇಳುತ್ತಾರೆ, ಇದು ಅದಕ್ಕಿಂತ ಸ್ಪಷ್ಟವಾಗಿ ಕೆಳಗೆ. ಚತುಶ್ಶ್ರುತಿ ಧೈವತಕ್ಕಿಂತ ಬಹಳ ಮೇಲೆ. ನಮ್ಮ ಹನ್ನೆರಡು ಸ್ವರಸ್ಥಾನಗಳಲ್ಲಿ ಇದಕ್ಕೆ ಹೆಸರಿಲ್ಲ, ಆದರೆ ತಂಬೂರಿ ಇದನ್ನು ಸಂಜೆಯೆಲ್ಲ ನುಡಿಯುತ್ತಲೇ ಇರುತ್ತದೆ. ಹನ್ನೆರಡರಲ್ಲಿ ಇದರ ಹತ್ತಿರದ್ದು 1000, ಇಪ್ಪತ್ತೆರಡರಲ್ಲಿ 982, ಐವತ್ತಮೂರರಲ್ಲೂ 974. ಮೂವತ್ತೊಂದರ ಇಪ್ಪತ್ತೈದನೇ ಹೆಜ್ಜೆ 967.7, ಒಂದು ಸೆಂಟಿನ ವ್ಯತ್ಯಾಸ. ಹೈಗೆನ್ಸ್‌ಗೂ ಈ ಏಳರ ಸ್ವರ ಸಂವಾದಿಯೆಂದೇ ತೋರಿತ್ತು. ಷಡ್ಜ, ಹತ್ತನೇ ಹೆಜ್ಜೆ, ಹದಿನೆಂಟನೆಯದು, ಇಪ್ಪತ್ತೈದನೆಯದು, ಈ ನಾಲ್ಕನ್ನು ಒಟ್ಟಿಗೆ ಹಿಡಿದರೆ ನಾಲ್ಕು ಐದು ಆರು ಏಳರ ಅನುಪಾತ ಬರುತ್ತದೆ. ಒಂದೇ ತಂತಿಯೊಳಗಿಂದ ತೆಗೆದ ನಾಲ್ಕು ಸ್ವರಗಳ ಗುಚ್ಛ. ರಾತ್ರಿ ನಿಮಗೆ ಸೇರಿದ ಹಾಗೂ ಸೇರದ ಹಾಗೂ ಕೇಳಿಸಿದ್ದು ಬಹುಶಃ ಇದೇ ಇರಬೇಕು.

'ಆ ಏಳರ ನಿಷಾದ ಒಂದನ್ನೇ ಹಿಡಿದು ತೋರಿಸಿ. ನಾನು ತಂಬೂರಿ ತರ್ತೀನಿ' ಅಂದರು ಮೇಷ್ಟ್ರು. ಬರುವಾಗ ಮಂದ್ರ ತಂತಿಗೆ ಹೊಸ ಎಳೆದಾರ ಹಾಕಿಕೊಂಡು ಬನ್ನಿ ಅಂದೆ. ಹಳೆಯ ದಾರದಲ್ಲಿ ಏಳನೆಯದು ಮಂಕಾಗಿರುತ್ತದೆ.